ಟೆಲಿ ಲೆನ್ಸ್ ಕೈಗೆ ಬಂತು, ಹಕ್ಕಿ ಮಾತ್ರ ಮಸುಕು: ಏನು ಮಾಡಬೇಕು?

ದೂರದ್ದನ್ನು ದೊಡ್ಡದಾಗಿ ತೋರಿಸುವ ಟೆಲಿ ಲೆನ್ಸ್ ಕೊಂಡ ಹೊಸದರಲ್ಲಿ ನಾವೆಲ್ಲ ಮಾಡುವುದು ಒಂದೇ ಕೆಲಸ. ನೀರಿನ ಆಚೆ ದಡದಲ್ಲಿ ಕೂತ ಹಕ್ಕಿಯತ್ತ ಲೆನ್ಸ್ ತಿರುಗಿಸುತ್ತೇವೆ, ಜೂಮ್ ಪೂರ್ತಿ ಎಳೆಯುತ್ತೇವೆ, ಕ್ಲಿಕ್ ಮಾಡುತ್ತೇವೆ. ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಚೆನ್ನಾಗಿಯೇ ಕಾಣುತ್ತದೆ. ಮನೆಗೆ ಬಂದು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿದರೆ ಗರಿಗಳೆಲ್ಲ ಕಲಸಿಹೋಗಿರುತ್ತವೆ. ಕಣ್ಣಿರಬೇಕಾದ ಕಡೆ ಒಂದು ಕಪ್ಪು ಚುಕ್ಕೆ. ಆಗ ಮೊದಲು ಅನುಮಾನ ಬರುವುದು ಲೆನ್ಸಿನ ಮೇಲೆ.

ನನಗೂ ಹಾಗೇ ಬಂತು. ಸುಮಾರು ಒಂದು ವರ್ಷ ಇನ್ನೂ ಉದ್ದದ ಲೆನ್ಸ್ ಬೇಕು ಅಂತಲೇ ಹಂಬಲಿಸಿದೆ. ಆಮೇಲೆ ಒಂದು ಬೆಳಿಗ್ಗೆ ನಾನು ಸುಮ್ನೆ ದಡದಲ್ಲಿ ಕೂತಿದ್ದಾಗ ಮಿಂಚುಳ್ಳಿಯೊಂದು ತಾನಾಗಿಯೇ ಹಾರಿ ಬಂದು ಏಳೆಂಟು ಮೀಟರ್ ದೂರದ ಕಡ್ಡಿಯ ಮೇಲೆ ಕೂತಿತು. ಅದೇ ಲೆನ್ಸ್, ಅದೇ ಕ್ಯಾಮೆರಾ. ಆ ಫೋಟೋದಲ್ಲಿ ಕೊಕ್ಕಿನ ಮೇಲಿನ ಸಣ್ಣ ಗೀರು ಕಂಡಿತು, ಎದೆಯ ಒಂದೊಂದು ಗರಿಯ ಅಂಚು ಕಂಡಿತು, ಕಣ್ಣಿನೊಳಗೆ ಆಕಾಶದ ಬೆಳಕು ಕಂಡಿತು. ಹಕ್ಕಿಯ ಮತ್ತು ನಮ್ಮ ನಡುವಿನ ದೂರ ಕಡಿಮೆ ಮಾಡುವುದು ನಮ್ಮ ಕೆಲಸ, ಹತ್ತಿರ ಬಂದ ಹಕ್ಕಿಯನ್ನು ದೊಡ್ಡದಾಗಿ ತೋರಿಸುವುದು ಲೆನ್ಸಿನ ಕೆಲಸ ಅಂತ ಅವತ್ತು ಗೊತ್ತಾಯಿತು.

ನಿಮ್ಮ ಬಳಿ 300 ಮಿ.ಮೀ. ಲೆನ್ಸ್ ಇರಲಿ, 600 ಇರಲಿ (ಈ ಅಂಕಿ ಹೆಚ್ಚಾದಷ್ಟೂ ಹಕ್ಕಿ ದೊಡ್ಡದಾಗಿ ಕಾಣುತ್ತದೆ), ಮುಂದಿನ ಹೆಜ್ಜೆಗಳು ಒಂದೇ. ಯಾವುದರಿಂದ ಜಾಸ್ತಿ ಲಾಭವೋ ಅದನ್ನು ಮುಂದೆ ಇಟ್ಟಿದ್ದೇನೆ.

ಹೆಜ್ಜೆ 1: ಕೆಟ್ಟ ಫೋಟೋಗಳನ್ನು ಅಳಿಸುವ ಮುಂಚೆ ಒಮ್ಮೆ ಓದಿ

ಮಸುಕು ಅನ್ನುವುದು ಒಂದೇ ರೋಗವಲ್ಲ. ಹಳೆಯ ನೂರು ಫೋಟೋ ತೆಗೆದುಕೊಂಡು ಒಂದೊಂದನ್ನೂ 100 ಪರ್ಸೆಂಟ್ ಗಾತ್ರದಲ್ಲಿ ನೋಡಿ.

ಹಕ್ಕಿ, ಕೊಂಬೆ, ಎಲೆ ಎಲ್ಲವೂ ಒಂದೇ ದಿಕ್ಕಿಗೆ ಎಳೆದ ಹಾಗೆ ಇದ್ದರೆ ಕೈ ಅಲುಗಿದೆ. ಕೊಂಬೆ ಚೆನ್ನಾಗಿದ್ದು ಹಕ್ಕಿಯ ತಲೆಯೋ ರೆಕ್ಕೆಯೋ ಮಾತ್ರ ಕಲಸಿದ್ದರೆ ಹಕ್ಕಿ ಅಲುಗಿದೆ, ಶಟರ್ ಸ್ಪೀಡ್ (ಶಟರ್ ತೆರೆದು ಮುಚ್ಚುವ ವೇಗ) ಸಾಲಲಿಲ್ಲ. ಹಕ್ಕಿ ಮಸುಕಾಗಿ ಅದರ ಮುಂದಿನ ಹುಲ್ಲೋ ಹಿಂದಿನ ಎಲೆಯೋ ಶಾರ್ಪ್ ಆಗಿದ್ದರೆ ಫೋಕಸ್ ತಪ್ಪಿದೆ. ಎಲ್ಲೂ ಏನೂ ಶಾರ್ಪ್ ಇಲ್ಲ, ಅಂಚುಗಳು ನೀರಿನೊಳಗಿಂದ ನೋಡಿದ ಹಾಗೆ ಡೊಂಕಾಗಿವೆ, ಒಂದೇ ಬರ್ಸ್ಟಿನ (ಬಟನ್ ಒತ್ತಿ ಹಿಡಿದು ಸಾಲಾಗಿ ತೆಗೆದ) ಫೋಟೋಗಳು ಒಂದೊಂದು ಥರ ಇವೆ ಅಂದರೆ ಅದು ಬಿಸಿ ಗಾಳಿಯ ಕೆಲಸ. ಎಲ್ಲ ಸರಿಯಾಗಿದ್ದೂ ಬರೀ ಕಾಳುಕಾಳಾಗಿ ಕಾಣುತ್ತಿದ್ದರೆ ಹಕ್ಕಿ ಫ್ರೇಮಿನಲ್ಲಿ ತೀರಾ ಚಿಕ್ಕದಿತ್ತು, ಕತ್ತರಿಸಿ ದೊಡ್ಡದು ಮಾಡಿದ್ದೀರಿ.

ಈ ಐದು ಗುಂಪು ಮಾಡಿ ನೋಡಿದರೆ ನಿಮ್ಮ ಕಾಯಿಲೆ ಯಾವುದು ಅಂತ ಅರ್ಧ ಗಂಟೆಯಲ್ಲಿ ತಿಳಿಯುತ್ತದೆ. ನನ್ನ ಫೋಟೋಗಳಲ್ಲಿ ಕೈ ಅಲುಗಿದ್ದು ನಾನು ಅಂದುಕೊಂಡಿದ್ದಕ್ಕಿಂತ ಕಡಿಮೆ ಇತ್ತು. ಹೆಚ್ಚಿನವು ದೂರದಿಂದ ಕೆಟ್ಟವು.

ಹೆಜ್ಜೆ 2: ಹತ್ತಿರ ಹೋಗಿ, ಇಲ್ಲವೇ ಹತ್ತಿರ ಬರಲು ಬಿಡಿ

ಸಣ್ಣ ಲೆಕ್ಕ ನೋಡಿ. 40 ಮೀಟರ್ ದೂರದ ಹಕ್ಕಿ 20 ಮೀಟರಿಗೆ ಬಂದರೆ ಫ್ರೇಮಿನಲ್ಲಿ ಅದರ ಅಗಲವೂ ಎರಡು ಪಟ್ಟು, ಎತ್ತರವೂ ಎರಡು ಪಟ್ಟು. ಅಂದರೆ ಹಕ್ಕಿಯ ಮೇಲೆ ಬೀಳುವ ಪಿಕ್ಸೆಲ್ ನಾಲ್ಕು ಪಟ್ಟು. 300 ಮಿ.ಮೀ. ಲೆನ್ಸನ್ನು 600 ಮಾಡಿಕೊಂಡರೆ ಸಿಗುವುದೂ ಇಷ್ಟೇ. ಜೊತೆಗೆ ನಡುವಿನ ಗಾಳಿ, ಧೂಳು, ಮಂಜು ಅರ್ಧ ಕಡಿಮೆಯಾಗುತ್ತದೆ. ಅದನ್ನು ಯಾವ ಲೆನ್ಸೂ ಕೊಡುವುದಿಲ್ಲ.

ಹಕ್ಕಿಗೆ ಭಯ ಹುಟ್ಟಿಸುವುದು ನೆಟ್ಟಗೆ ನಿಂತ ಮನುಷ್ಯನ ಆಕಾರ, ಥಟ್ಟನೆ ಆಗುವ ಚಲನೆ, ತನ್ನತ್ತಲೇ ನೇರವಾಗಿ ಬರುವ ನಡೆ. ಹಾಗಾಗಿ ನೇರ ಹೋಗಬೇಡಿ. ಪಕ್ಕದಲ್ಲಿ ಹಾದು ಹೋಗುವವರಂತೆ ಓರೆಯಾಗಿ ನಡೆಯಿರಿ. ಬಗ್ಗಿ, ನಿಧಾನವಾಗಿ, ನಾಲ್ಕು ಹೆಜ್ಜೆಗೊಮ್ಮೆ ನಿಂತು. ಅದನ್ನೇ ದಿಟ್ಟಿಸಿ ನೋಡಬೇಡಿ. ಕ್ಯಾಮೆರಾವನ್ನು ಮೊದಲೇ ಎದೆಯ ಎತ್ತರಕ್ಕೆ ಹಿಡಿದುಕೊಂಡಿದ್ದರೆ ಕೊನೆಗೆ ಎತ್ತುವ ಚಲನೆ ಕಡಿಮೆಯಾಗುತ್ತದೆ.

ಹಕ್ಕಿ ಏನು ಹೇಳುತ್ತಿದೆ ಅಂತ ಗಮನಿಸುತ್ತಿರಿ. ಮೇಯುತ್ತಿದ್ದ ಹಕ್ಕಿ ಮೇಯುವುದು ನಿಲ್ಲಿಸಿತು, ಕತ್ತು ಉದ್ದ ಮಾಡಿತು, ಗರಿಗಳನ್ನು ಮೈಗೆ ಒತ್ತಿಕೊಂಡು ತೆಳ್ಳಗಾಯಿತು ಅಂದರೆ ನೀವು ಅದರ ಗಡಿಗೆ ಬಂದಿದ್ದೀರಿ. ಅಲ್ಲೇ ಕೂತುಬಿಡಿ. ಮತ್ತೆ ಮೇಯಲು ಶುರು ಮಾಡಿದರೆ, ಗರಿ ತಿದ್ದಿಕೊಳ್ಳಲು ಶುರು ಮಾಡಿದರೆ ಇನ್ನೆರಡು ಹೆಜ್ಜೆ ಇಡಬಹುದು. ಇಲ್ಲದಿದ್ದರೆ ಎರಡು ಹೆಜ್ಜೆ ಹಿಂದೆ ಸರಿಯಿರಿ. ಹಕ್ಕಿ ಹಾರಿಹೋದರೆ ಫೋಟೋ ಹೋಗುವುದು ಹಾಗಿರಲಿ, ಅದು ಊಟ ಬಿಟ್ಟು ಹೋಯಿತಲ್ಲ.

ಇದಕ್ಕಿಂತಲೂ ನನಗೆ ಇಷ್ಟವಾದದ್ದು ಕಾಯುವ ದಾರಿ. ಕಳ್ಳಿಪೀರ, ಕಾಜಾಣ, ನೊಣಹಿಡುಕ ಇವೆಲ್ಲ ಹುಳ ಹಿಡಿದು ಪದೇ ಪದೇ ಅದೇ ಕಡ್ಡಿಗೆ ವಾಪಸ್ ಬರುವ ಹಕ್ಕಿಗಳು. ಮಿಂಚುಳ್ಳಿಗೂ ಮೆಚ್ಚಿನ ಕೊಂಬೆಗಳಿರುತ್ತವೆ. ಕೊಂಬೆಯ ಕೆಳಗೆ ನೆಲದ ಮೇಲೋ ಕಲ್ಲಿನ ಮೇಲೋ ಬಿಳಿ ಹಿಕ್ಕೆ ಬಿದ್ದಿದ್ದರೆ ಅದೇ ಗುರುತು. ಹಕ್ಕಿ ಇಲ್ಲದ ಹೊತ್ತಿನಲ್ಲಿ ಅಲ್ಲಿಂದ ಹತ್ತು ಹನ್ನೆರಡು ಮೀಟರ್ ದೂರದಲ್ಲಿ, ಸೂರ್ಯ ಬೆನ್ನಿಗೆ ಬರುವ ಹಾಗೆ ಕೂತುಕೊಳ್ಳಿ. ಬೆನ್ನ ಹಿಂದೆ ಪೊದೆಯೋ ಮರವೋ ಇರಲಿ, ನಿಮ್ಮ ಆಕಾರ ಅದರಲ್ಲಿ ಕರಗುತ್ತದೆ. ಕಡ್ಡಿಗೆ ಮೊದಲೇ ಫೋಕಸ್ ಮಾಡಿಟ್ಟು ಅರ್ಧ ಗಂಟೆ ಕಾಯಿರಿ. ಅಲುಗದೆ ಕೂತ ಮನುಷ್ಯನನ್ನು ಎಷ್ಟೋ ಹಕ್ಕಿಗಳು ಆ ಹೊತ್ತಿಗೆ ಒಪ್ಪಿಕೊಂಡುಬಿಡುತ್ತವೆ.

ಮರೆ ಇದ್ದರೆ ಇನ್ನೂ ಒಳ್ಳೆಯದು. ಮಾಸಲು ಬಣ್ಣದ ಬಟ್ಟೆ ಹೊದ್ದುಕೊಂಡರೂ ಆಯಿತು. ಕಾರು ಎಲ್ಲಕ್ಕಿಂತ ಸುಲಭದ ಮರೆ. ಮನುಷ್ಯನನ್ನು ಕಂಡು ಓಡುವ ಹಕ್ಕಿ ಕಾರನ್ನು ಕಂಡು ಸುಮ್ಮನಿರುತ್ತದೆ. ಇಂಗ್ಲೆಂಡಿನ ರಿಚರ್ಡ್ ಮತ್ತು ಚೆರ್ರಿ ಕೀರ್ಟನ್ ಅನ್ನುವ ಅಣ್ಣತಮ್ಮಂದಿರು 1900ರ ಸುಮಾರಿಗೆ ಎತ್ತಿನ ಚರ್ಮದಿಂದ ಟೊಳ್ಳು ಎತ್ತು ಮಾಡಿಸಿ, ಅದರ ಹೊಟ್ಟೆಯೊಳಗೆ ನಿಂತು ಹಕ್ಕಿಗಳ ಫೋಟೋ ತೆಗೆದರು. ಇವತ್ತಿನಂಥ ಟೆಲಿ ಲೆನ್ಸ್ ಅವರ ಬಳಿ ಇರಲಿಲ್ಲ. ಹತ್ತಿರ ಹೋಗುವುದೊಂದೇ ಅವರಿಗಿದ್ದ ದಾರಿ.

ಗೂಡಿನ ಹತ್ತಿರ ಮಾತ್ರ ಬೇಡವೇ ಬೇಡ. ತಾಯಿ ಹಕ್ಕಿ ಎದ್ದು ಹೋದರೆ ಮೊಟ್ಟೆ ತಣ್ಣಗಾಗುತ್ತದೆ, ಇಲ್ಲವೇ ಬಿಸಿಲಿಗೆ ಬೇಯುತ್ತದೆ. ನೀವು ಎಲೆ ಸರಿಸಿದ ಜಾಗವನ್ನು ಕಾಗೆ ಗುರುತಿಟ್ಟುಕೊಂಡು ಮೊಟ್ಟೆಗೋ ಮರಿಗೋ ಬರುತ್ತದೆ. ಹೆಸರಾಂತ ಹಕ್ಕಿ ಛಾಯಾಗ್ರಾಹಕ ಎರಿಕ್ ಹಾಸ್ಕಿಂಗ್ 1937ರಲ್ಲಿ ಗೂಡಿನ ಬಳಿ ಗೂಬೆಯ ಏಟಿಗೆ ಒಂದು ಕಣ್ಣನ್ನೇ ಕಳೆದುಕೊಂಡರು. ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯುವುದೂ ಬೇಡ. ತನ್ನ ಜಾಗಕ್ಕೆ ಇನ್ನೊಂದು ಹಕ್ಕಿ ಬಂದಿದೆ ಅಂತ ತಿಳಿದು ಅದು ಮೇವು, ಮರಿ ಎಲ್ಲ ಬಿಟ್ಟು ಜಗಳಕ್ಕೆ ಬರುತ್ತದೆ.

ಆನೆ, ಕರಡಿ, ಚಿರತೆಯಂಥ ಪ್ರಾಣಿಗಳಿಗೆ ಈ ಹೆಜ್ಜೆ ಅನ್ವಯಿಸುವುದಿಲ್ಲ. ಅಲ್ಲಿ ಲೆನ್ಸಿನ ಉದ್ದ ನಿಮ್ಮ ಪ್ರಾಣಕ್ಕೆ ಬೇಲಿ. ವಾಹನದಿಂದ ಇಳಿಯಬೇಡಿ, ಪ್ರಾಣಿ ದಾರಿ ಬದಲಿಸುವಷ್ಟು ಹತ್ತಿರಕ್ಕೆ ವಾಹನ ಒಯ್ಯಬೇಡಿ.

ಹೆಜ್ಜೆ 3: ಗಾಳಿಯನ್ನು ನೋಡಲು ಕಲಿಯಿರಿ

ಟೆಲಿ ಲೆನ್ಸ್ ಬಳಸುವವರನ್ನು ಹೆಚ್ಚು ಕಾಡುವ, ಆದರೆ ಕಡಿಮೆ ಜನ ಗುರುತಿಸುವ ತೊಂದರೆ ಇದು. ಬಿಸಿಲು ಏರಿದಂತೆ ನೆಲ ಕಾಯುತ್ತದೆ. ನೆಲದಿಂದ ಬಿಸಿ ಗಾಳಿ ಮೇಲೇಳುತ್ತದೆ, ತಂಪು ಗಾಳಿ ಕೆಳಗಿಳಿಯುತ್ತದೆ. ಎರಡರ ನಡುವೆ ಹಾದು ಬರುವ ಬೆಳಕು ಆ ಕಡೆ ಈ ಕಡೆ ಬಾಗುತ್ತದೆ. ಬೇಸಿಗೆಯಲ್ಲಿ ಟಾರು ರಸ್ತೆಯ ಮೇಲೆ ಅಲೆ ಅಲೆಯಾಗಿ ಕಾಣುತ್ತದಲ್ಲ, ಅದೇ. ಬರಿಗಣ್ಣಿಗೆ ಕಾಣದಷ್ಟು ಸಣ್ಣ ಅಲೆಯೂ 500 ಮಿ.ಮೀ. ಲೆನ್ಸಿನಲ್ಲಿ ದೊಡ್ಡದಾಗಿ ಕೂರುತ್ತದೆ.

ಮರಳು, ಬಂಡೆ, ಟಾರು, ಉತ್ತ ಒಣ ಹೊಲ ಇವುಗಳ ಮೇಲೆ ಇದು ಜಾಸ್ತಿ. ಚಳಿಯ ಮುಂಜಾನೆ ನೀರು ಗಾಳಿಗಿಂತ ಬೆಚ್ಚಗಿದ್ದರೆ ಕೆರೆಯ ಮೇಲೂ ಬರುತ್ತದೆ. ಕಂಡುಹಿಡಿಯುವುದು ಸುಲಭ. ದೂರದ ಕಂಬದ ಅಂಚಿಗೆ ಫೋಕಸ್ ಮಾಡಿ, ಪರದೆಯಲ್ಲಿ ಹಿಗ್ಗಿಸಿ ನೋಡಿ. ಅಂಚು ಕುದಿಯುವ ಹಾಗೆ ನಡುಗುತ್ತಿದ್ದರೆ ಆ ದಿಕ್ಕಿನ ದೂರದ ಫೋಟೋ ಅವತ್ತಿಗೆ ಬಿಟ್ಟುಬಿಡಿ. ಶಟರ್ ಸ್ಪೀಡ್ ಏರಿಸಿದರೂ, ಟ್ರೈಪಾಡ್ ಇಟ್ಟರೂ ಇದು ಸರಿಹೋಗುವುದಿಲ್ಲ. ಬೆಳಿಗ್ಗೆ ಬೇಗ ಹೋಗುವುದು, ಮೋಡದ ದಿನ ಹೋಗುವುದು, ನೆರಳು ಮತ್ತು ಹಸಿರು ಹುಲ್ಲಿನ ಮೇಲಿಂದ ತೆಗೆಯುವುದು, ಹತ್ತಿರ ಹೋಗುವುದು, ಇಷ್ಟೇ ಉಪಾಯ.

ಕಾರಿನಿಂದ ತೆಗೆಯುವವರು ಇನ್ನೊಂದು ಗಮನಿಸಬೇಕು. ಒಳಗೆ ಎಸಿ, ಹೊರಗೆ ಬಿಸಿಲು ಇದ್ದರೆ ಕಿಟಕಿ ಇಳಿಸಿದ ಕೂಡಲೇ ಎರಡು ಗಾಳಿ ನಿಮ್ಮ ಲೆನ್ಸಿನ ಮುಂದೆಯೇ ಬೆರೆಯುತ್ತದೆ. ಜಾಗ ತಲುಪುವ ಸ್ವಲ್ಪ ಮುಂಚೆಯೇ ಎಸಿ ಆರಿಸಿ, ಕಿಟಕಿಗಳನ್ನೆಲ್ಲ ಇಳಿಸಿ. ನಿಂತ ಮೇಲೆ ಎಂಜಿನ್ನೂ ಆರಿಸಿ, ಅದರ ನಡುಕ ಲೆನ್ಸಿಗೆ ಬರುತ್ತದೆ.

ಹೆಜ್ಜೆ 4: ಕೈ, ಮೊಣಕೈ, ಉಸಿರು

ಫುಲ್ ಫ್ರೇಮ್ (ಹಳೆಯ 35 ಮಿ.ಮೀ. ಫಿಲ್ಮಿನಷ್ಟು ದೊಡ್ಡ ಸೆನ್ಸರ್ ಇರುವ) ಕ್ಯಾಮೆರಾಗೆ 500 ಮಿ.ಮೀ. ಲೆನ್ಸ್ ಹಾಕಿದರೆ ಕಾಣುವ ಜಗತ್ತು ಮೂಲೆಯಿಂದ ಮೂಲೆಗೆ ಸುಮಾರು 5 ಡಿಗ್ರಿ ಅಷ್ಟೇ. ಅಷ್ಟು ಸಣ್ಣ ಕಿಂಡಿಯಲ್ಲಿ ನಾಡಿ ಬಡಿತವೂ ಭೂಕಂಪವೇ.

ಎಡಗೈಯನ್ನು ಲೆನ್ಸಿನ ಕೆಳಗೆ, ಆದಷ್ಟು ಮುಂದಕ್ಕೆ, ಅಂಗೈ ಮೇಲೆ ಮಾಡಿ ಇಡಿ. ಲೆನ್ಸ್ ಅಂಗೈಯಲ್ಲಿ ಕೂರಬೇಕು, ಬೆರಳಿನಲ್ಲಿ ಹಿಡಿಯಬಾರದು. ಟ್ರೈಪಾಡಿಗೆ ಕೂರಿಸುವ ಪಾದ ಅಡ್ಡ ಬಂದರೆ ಅದನ್ನು ಮೇಲಕ್ಕೆ ತಿರುಗಿಸಿ. ಎರಡೂ ಮೊಣಕೈ ಪಕ್ಕೆಲುಬಿಗೆ ಒತ್ತಿರಲಿ. ವ್ಯೂಫೈಂಡರ್ ಹುಬ್ಬಿಗೆ ಒತ್ತಿರಲಿ. ಕಾಲು ಸ್ವಲ್ಪ ಅಗಲಿಸಿ, ಒಂದು ಮುಂದೆ ಒಂದು ಹಿಂದೆ. ಉಸಿರು ಅರ್ಧ ಬಿಟ್ಟು, ಅಲ್ಲೇ ತಡೆದು, ಬಟನನ್ನು ಕುಟ್ಟದೆ ಮೆಲ್ಲಗೆ ಒತ್ತಿ. ಮರವೋ ಗೋಡೆಯೋ ಸಿಕ್ಕರೆ ಒರಗಿ. ಕೂತು ಮಂಡಿಯ ಮೇಲೆ ಮೊಣಕೈ ಊರಿದರೆ ನಿಂತು ತೆಗೆದದ್ದಕ್ಕಿಂತ ಎಷ್ಟೋ ಗಟ್ಟಿ.

ಬರ್ಸ್ಟಿನಲ್ಲಿ ಮೂರು ನಾಲ್ಕು ಫೋಟೋ ತೆಗೆಯಿರಿ. ಮೊದಲನೆಯದರಲ್ಲಿ ಬೆರಳು ಒತ್ತಿದ ಅದುರು ಇರುವುದುಂಟು, ಎರಡನೆಯದು ಮೂರನೆಯದು ಚೆನ್ನಾಗಿ ಬರುತ್ತವೆ. ಲೆನ್ಸಿನ ಸ್ಟೆಬಿಲೈಸರ್ ಆನ್ ಇದ್ದರೆ ಅರ್ಧ ಒತ್ತಿ ಒಂದು ಕ್ಷಣ ಬಿಟ್ಟು ತೆಗೆಯಿರಿ, ಅದು ನೆಲೆಗೊಳ್ಳಲು ಅಷ್ಟು ಹೊತ್ತು ಬೇಕು. ನೆನಪಿಡಿ, ಸ್ಟೆಬಿಲೈಸರ್ ತಡೆಯುವುದು ನಿಮ್ಮ ಕೈಯ ಅಲುಗಾಟವನ್ನು. ಹಕ್ಕಿ ಅಲುಗಿದರೆ ಅದು ಏನೂ ಮಾಡಲಾರದು. ಟ್ರೈಪಾಡ್ ಮೇಲೆ ಹಳೆಯ ಲೆನ್ಸ್ ಇದ್ದರೆ ಸ್ಟೆಬಿಲೈಸರ್ ಆಫ್ ಮಾಡಿ.

ಲೆನ್ಸಿನ ಮುಂದೆ ಯುವಿ ಫಿಲ್ಟರ್ ಹಾಕಿದ್ದರೆ ತೆಗೆದುಬಿಡಿ. ಮಾಮೂಲಿ ಫಿಲ್ಟರಿನ ಗಾಜು ಉದ್ದ ಲೆನ್ಸಿನಲ್ಲಿ ಶಾರ್ಪ್‌ನೆಸ್ ಕೆಡಿಸುತ್ತದೆ. ಲೆನ್ಸನ್ನು ಕಾಪಾಡಲು ಅದರ ಮೂತಿಗೆ ಹಾಕುವ ಹುಡ್ ಸಾಕು.

ಎರಡು ಕೆಜಿ ಒಳಗಿನ ಲೆನ್ಸಾದರೆ ಹಾರುವ ಹಕ್ಕಿಗೆ ಕೈಯಲ್ಲೇ ಹಿಡಿಯುವುದು ನನಗೆ ಮೆಚ್ಚು. ಒಂದೇ ಕಡೆ ಗಂಟೆಗಟ್ಟಲೆ ಕಾಯುವಾಗ ಒಂಟಿ ಕಾಲಿನ ಮೊನೊಪಾಡ್. ದೊಡ್ಡ ಲೆನ್ಸಿಗೆ, ಎಲ್ಲ ಕಡೆ ಸಲೀಸಾಗಿ ತಿರುಗುವ ಗಿಂಬಲ್ ಹೆಡ್ ಇರುವ ಟ್ರೈಪಾಡ್. ಕಾರಿನ ಕಿಟಕಿಗೆ ಬೀನ್ ಬ್ಯಾಗ್, ಅಂದರೆ ಕಾಳು ತುಂಬಿದ ಚೀಲ.

ಹೆಜ್ಜೆ 5: ಶಟರ್ ಸ್ಪೀಡನ್ನು ಮೊದಲು ನಿರ್ಧರಿಸಿ

ಹಳೆಯ ನಿಯಮ ಎಲ್ಲರಿಗೂ ಗೊತ್ತು. ಲೆನ್ಸ್ ಎಷ್ಟು ಮಿ.ಮೀ. ಇದೆಯೋ ಅಷ್ಟರಲ್ಲಿ ಒಂದು ಭಾಗ ಸೆಕೆಂಡ್. 500 ಮಿ.ಮೀ. ಆದರೆ 1/500. ಫುಲ್ ಫ್ರೇಮಿಗಿಂತ ಚಿಕ್ಕದಾದ ಕ್ರಾಪ್ ಸೆನ್ಸರ್ ಆದರೆ ಒಂದೂವರೆ ಪಟ್ಟು, ಅಂದರೆ 1/750ಕ್ಕಿಂತ ನಿಧಾನ ಬೇಡ. ಆದರೆ ಈ ನಿಯಮ ಕೈಯ ಅಲುಗಾಟಕ್ಕೆ ಮಾತ್ರ. ಹಕ್ಕಿಯ ಲೆಕ್ಕ ಬೇರೆಯೇ.

ಗಂಟೆಗೆ 36 ಕಿ.ಮೀ. ವೇಗದಲ್ಲಿ ಹಾರುವ ಹಕ್ಕಿ ಒಂದು ಸೆಕೆಂಡಿಗೆ 10 ಮೀಟರ್ ಹೋಗುತ್ತದೆ. 1/500 ಸೆಕೆಂಡಿನಲ್ಲಿ 2 ಸೆಂ.ಮೀ., 1/2000ದಲ್ಲಿ 5 ಮಿ.ಮೀ. ಈಗ ನಿಮ್ಮ ಫ್ರೇಮಿನ ಅಗಲಕ್ಕೆ ಒಂದು ಮೀಟರ್ ಜಾಗ ಕಾಣುತ್ತಿದೆ ಅಂದುಕೊಳ್ಳಿ. 24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ಆ ಅಗಲಕ್ಕೆ 6000 ಪಿಕ್ಸೆಲ್. 5 ಮಿ.ಮೀ. ಅಂದರೆ 30 ಪಿಕ್ಸೆಲ್! 1/2000 ಇದ್ದರೂ ಕ್ಯಾಮೆರಾ ನಿಶ್ಚಲವಾಗಿದ್ದರೆ ಹಕ್ಕಿ ಮಸುಕಾಗುವುದು ಇದಕ್ಕೇ. ಹಕ್ಕಿಯ ಜೊತೆಗೆ ಕ್ಯಾಮೆರಾವನ್ನೂ ಅದೇ ವೇಗದಲ್ಲಿ ತಿರುಗಿಸಿದರೆ ಮೈಯ ಚಲನೆ ಹೆಚ್ಚುಕಡಿಮೆ ರದ್ದಾಗುತ್ತದೆ, ರೆಕ್ಕೆಯ ಬಡಿತವನ್ನಷ್ಟೇ ಶಟರ್ ತಡೆದರೆ ಸಾಕು.

ನಾನು ಇಟ್ಟುಕೊಳ್ಳುವ ಅಂಕಿ ಹೇಳುತ್ತೇನೆ. ಸುಮ್ಮನೆ ಕೂತ ಹಕ್ಕಿಗೆ 1/500, ಅದಕ್ಕೂ ತಲೆ ತಿರುಗಿಸುವ ಅಭ್ಯಾಸ ಇದೆಯಲ್ಲ. ನಡೆಯುವ, ಮೇಯುವ ಹಕ್ಕಿಗೆ 1/1000. ಹದ್ದು, ಬೆಳ್ಳಕ್ಕಿಯಂಥ ದೊಡ್ಡ ಹಕ್ಕಿ ಹಾರುವಾಗ 1/1600. ಮಿಂಚುಳ್ಳಿ, ಕಳ್ಳಿಪೀರದಂಥ ಸಣ್ಣವು ಹಾರುವಾಗ 1/3200 ಅಥವಾ ಮೇಲೆ. ನಡೆಯುವ ಜಿಂಕೆಗೆ 1/500 ಸಾಕು, ಓಡಿದರೆ 1/1600.

ಇಷ್ಟು ಬೆಳಕು ಎಲ್ಲಿಂದ? ಬೆನ್ನಿಗೆ ಚೆನ್ನಾದ ಬಿಸಿಲಿದ್ದರೆ ಐಎಸ್ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) 400, ಅಪರ್ಚರ್ (ಬೆಳಕು ಬಿಡುವ ಲೆನ್ಸಿನ ಕಿಂಡಿ, ಎಫ್ ಅಂಕಿ ಹೆಚ್ಚಾದಷ್ಟೂ ಕಿರಿದು) ಎಫ್/5.6ರಲ್ಲಿ 1/3200 ಸಿಗುತ್ತದೆ. ದಟ್ಟ ಮೋಡ ಬಂದರೆ ಬೆಳಕು ಮೂರು ಸ್ಟಾಪ್ (ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧ) ಇಳಿಯಬಹುದು, ಆಗ ಅದೇ ಸ್ಪೀಡಿಗೆ ಐಎಸ್ಒ 3200 ಬೇಕು. ಹಾಕಿ, ಹೆದರಬೇಡಿ. ಐಎಸ್ಒ ಜಾಸ್ತಿಯಾಗಿ ಬಂದ ಕಾಳನ್ನು ಕಂಪ್ಯೂಟರಿನಲ್ಲಿ ತೆಗೆಯಬಹುದು. ಕಲಸಿಹೋದ ಗರಿಯನ್ನು ಯಾರೂ ಬಿಡಿಸಲಾರರು.

ಅಪರ್ಚರ್ ಬಗ್ಗೆ ಒಂದೇ ಮಾತು. ಫುಲ್ ಫ್ರೇಮಿನಲ್ಲಿ 500 ಮಿ.ಮೀ., ಎಫ್/5.6, ಹಕ್ಕಿ 10 ಮೀಟರ್ ದೂರ ಇದ್ದರೆ ಫೋಕಸ್ ಸಿಗುವ ಆಳ ಸುಮಾರು 13 ಸೆಂ.ಮೀ. ಅದೇ 5 ಮೀಟರಿಗೆ ಬಂದರೆ ಬರೀ 3 ಸೆಂ.ಮೀ. ಚಿಲ್ಲರೆ. ಅಷ್ಟು ಹತ್ತಿರದಲ್ಲಿ ಎಫ್/8 ಮಾಡಿ, ಹಕ್ಕಿ ಪಕ್ಕಕ್ಕೆ ತಿರುಗಿದಾಗ ತೆಗೆಯಿರಿ. ದೂರದಲ್ಲಿದ್ದರೆ ಪೂರ್ತಿ ತೆರೆದೇ ಇಡಿ.

ಕ್ಯಾಮೆರಾಗೂ ಲೆನ್ಸಿಗೂ ನಡುವೆ ಕೂರಿಸಿ ಹಕ್ಕಿಯನ್ನು ಇನ್ನೂ ದೊಡ್ಡದು ಮಾಡುವ ಟೆಲಿಕನ್ವರ್ಟರ್ ಕೊಳ್ಳುವ ಯೋಚನೆ ಇದೆಯೇ? 1.4 ಪಟ್ಟಿನದು ಒಂದು ಸ್ಟಾಪ್ ಬೆಳಕು ತಿನ್ನುತ್ತದೆ, ಎಫ್/5.6 ಲೆನ್ಸ್ ಎಫ್/8 ಆಗುತ್ತದೆ. 2 ಪಟ್ಟಿನದು ಎರಡು ಸ್ಟಾಪ್, ಎಫ್/11. ಒಳ್ಳೆಯ ಪ್ರೈಮ್ (ಜೂಮ್ ಇಲ್ಲದ) ಲೆನ್ಸಿಗೆ 1.4 ಹೊಂದುತ್ತದೆ. ಎಫ್/6.3 ಜೂಮ್‌ಗೆ 2 ಪಟ್ಟಿನದನ್ನು ಹಾಕಿ ಖುಷಿಪಟ್ಟವರನ್ನು ನಾನಂತೂ ನೋಡಿಲ್ಲ.

ಹೆಜ್ಜೆ 6: ಬೆಳ್ಳಕ್ಕಿಯನ್ನು ಸುಡಬೇಡಿ

ಮ್ಯಾನುವಲ್ ಮೋಡಿನಲ್ಲಿ ಶಟರ್ ಮತ್ತು ಅಪರ್ಚರ್ ನೀವು ಇಟ್ಟು, ಐಎಸ್ಒ ಮಾತ್ರ ಆಟೊಗೆ ಬಿಡುವುದು ಬಹುತೇಕ ಹೊತ್ತಿಗೆ ಅನುಕೂಲ. ಆದರೆ ಕ್ಯಾಮೆರಾ ಕಂಡದ್ದನ್ನೆಲ್ಲ ನಡು ಬೂದು ಅಂತಲೇ ತಿಳಿಯುತ್ತದೆ. ಕಪ್ಪು ನೀರಿನ ಮುಂದೆ ಬೆಳ್ಳಕ್ಕಿ ನಿಂತಿದೆ ಅಂದರೆ, ಫ್ರೇಮಿನ ತುಂಬ ಕಪ್ಪು ಕಂಡು ಕ್ಯಾಮೆರಾ ಬೆಳಕು ಏರಿಸುತ್ತದೆ. ಬೆಳ್ಳಕ್ಕಿ ಸುಟ್ಟುಹೋಗುತ್ತದೆ.

ಒಂದು ಸಲ ಬೆಳ್ಳಕ್ಕಿಯೊಂದು ಮೀನು ಹಿಡಿದು ತಲೆ ಎತ್ತಿದ ಕ್ಷಣ ನನಗೆ ಸಿಕ್ಕಿತು. ಮೀನಿನ ಹುರುಪೆ ಹುರುಪೆ ಕಾಣುತ್ತದೆ, ಕೊಕ್ಕಿನಿಂದ ಬೀಳುವ ಹನಿ ಕಾಣುತ್ತದೆ. ಆದರೆ ಹಕ್ಕಿಯ ಮೈಯಲ್ಲಿ ಒಂದು ಗರಿಯೂ ಇಲ್ಲ, ಕಾಗದ ಕತ್ತರಿಸಿ ಅಂಟಿಸಿದ ಹಾಗೆ ಬರೀ ಬಿಳುಪು. ಆಮೇಲೆ ಎಷ್ಟು ತಿದ್ದಿದರೂ ಇಲ್ಲದ ಗರಿ ಬರಲಿಲ್ಲ. ಈಗ ಬೆಳ್ಳಕ್ಕಿ ಕಂಡರೆ ಮೊದಲು, ಫೋಟೋದ ಬೆಳಕು ಏರಿಸಿ ಇಳಿಸುವ ಎಕ್ಸ್‌ಪೋಶರ್ ಕಾಂಪೆನ್ಸೇಶನ್ ಮೈನಸ್ 1ಕ್ಕೆ ಇಳಿಸುತ್ತೇನೆ, ಆಮೇಲೆ ಕಣ್ಣಿಗೆ ಕ್ಯಾಮೆರಾ ಇಡುತ್ತೇನೆ.

ಬಿಳಿ ಆಕಾಶದ ಮುಂದೆ ಹಾರುವ ಹದ್ದಿಗೆ ಇದರ ಉಲ್ಟಾ. ಪ್ಲಸ್ 1ರಿಂದ ಪ್ಲಸ್ 2ರವರೆಗೆ ಏರಿಸದಿದ್ದರೆ ಕಪ್ಪು ನೆರಳಷ್ಟೇ ಸಿಗುತ್ತದೆ. ಸುಟ್ಟ ಜಾಗ ಮಿನುಗಿ ತೋರಿಸುವ ಎಚ್ಚರಿಕೆ ಕ್ಯಾಮೆರಾದಲ್ಲಿ ಇರುತ್ತದೆ, ಅದನ್ನು ಆನ್ ಮಾಡಿಕೊಳ್ಳಿ. ಬಿಸಿಲು ಬದಲಾಗದೆ ಇದ್ದು ಹಕ್ಕಿ ಮರದ ಮುಂದಿನಿಂದ ಆಕಾಶಕ್ಕೆ, ಆಕಾಶದಿಂದ ನೀರಿನ ಮೇಲಕ್ಕೆ ಹಾರುತ್ತಿದ್ದರೆ ಆಟೊ ಐಎಸ್ಒ ಕುಣಿಯುತ್ತದೆ. ಆಗ ಐಎಸ್ಒ ಕೂಡ ನೀವೇ ಕಟ್ಟಿಹಾಕಿ. ಹಿನ್ನೆಲೆ ಬದಲಾದರೂ ಹಕ್ಕಿಯ ಮೇಲೆ ಬೀಳುವ ಬಿಸಿಲು ಅದೇ ಅಲ್ವಾ?

ಹೆಜ್ಜೆ 7: ಫೋಕಸ್ ಕಣ್ಣಿಗೇ ಬೀಳಬೇಕು

ಫೋಕಸ್ ಮೋಡ್ ಯಾವಾಗಲೂ ನಿರಂತರದಲ್ಲಿರಲಿ, ಆಗ ಹಕ್ಕಿ ಸರಿದಂತೆ ಫೋಕಸೂ ಹಿಂಬಾಲಿಸುತ್ತದೆ. ಹಕ್ಕಿಯ ಕಣ್ಣು ಗುರುತಿಸುವ ಸೌಲಭ್ಯ ನಿಮ್ಮ ಕ್ಯಾಮೆರಾದಲ್ಲಿದ್ದರೆ ಬಯಲಿನ ಹಕ್ಕಿಗೆ, ಹಾರುವ ಹಕ್ಕಿಗೆ ಅದನ್ನೇ ನಂಬಿ. ಪೊದೆಯೊಳಗೆ ಕೂತ ಹಕ್ಕಿಗೆ ಮಾತ್ರ ಅದು ಕೈ ಕೊಡುತ್ತದೆ, ಮುಂದಿನ ಕಡ್ಡಿಗೆ ಹೋಗಿ ಕೂರುತ್ತದೆ. ಅಲ್ಲಿ ಒಂದೇ ಸಣ್ಣ ಪಾಯಿಂಟ್ ಆರಿಸಿ, ಕಡ್ಡಿಗಳ ಸಂದಿಯಿಂದ ಕಣ್ಣಿನ ಮೇಲೆ ಇಡಿ. ಆಗಲೂ ಆಗದಿದ್ದರೆ ಫೋಕಸ್ ರಿಂಗನ್ನು ಕೈಯಲ್ಲಿ ಸ್ವಲ್ಪ ತಿರುಗಿಸಿ ದಾರಿ ತೋರಿಸಿ.

ಹಲವು ಟೆಲಿ ಲೆನ್ಸುಗಳ ಮೇಲೆ ಫೋಕಸ್ ಲಿಮಿಟರ್ ಅಂತ ಒಂದು ಸ್ವಿಚ್ ಇರುತ್ತದೆ. ದೂರದ ಹಕ್ಕಿಗಳನ್ನೇ ತೆಗೆಯುತ್ತಿದ್ದರೆ ಅದನ್ನು ದೂರಕ್ಕೆ ಹಾಕಿ. ಲೆನ್ಸ್ ಹತ್ತಿರದಿಂದ ದೂರದವರೆಗೆ ತಡಕಾಡುವುದು ತಪ್ಪುತ್ತದೆ. ಫೋಕಸನ್ನು ಶಟರ್ ಬಟನ್ನಿನಿಂದ ಬಿಡಿಸಿ ಹಿಂದಿನ ಬಟನ್ನಿಗೆ ಕೊಟ್ಟುಕೊಂಡರೆ, ಹೆಬ್ಬೆರಳು ಬಿಟ್ಟ ಕೂಡಲೇ ಫೋಕಸ್ ಅಲ್ಲೇ ನಿಲ್ಲುತ್ತದೆ. ರೂಢಿಯಾಗಲು ಒಂದೆರಡು ವಾರ ಬೇಕು. ಆಮೇಲೆ ಹಳೆಯ ರೀತಿಗೆ ಹೋಗಲು ನನಗೆ ಮನಸ್ಸಾಗಲಿಲ್ಲ.

ಹೆಜ್ಜೆ 8: ಹಾರುವ ಹಕ್ಕಿಗೆ ಗಾಳಿಯ ದಿಕ್ಕು ಕೇಳಿ

ಹಕ್ಕಿಗಳು ಸಾಮಾನ್ಯವಾಗಿ ಗಾಳಿಗೆ ಎದುರಾಗಿ ಏಳುತ್ತವೆ, ಗಾಳಿಗೆ ಎದುರಾಗಿಯೇ ಇಳಿಯುತ್ತವೆ. ಗಾಳಿ ನಿಮ್ಮ ಬೆನ್ನಿಗೆ ಬೀಸುತ್ತಿದ್ದರೆ ಏಳುವ ಹಕ್ಕಿ, ಇಳಿಯುವ ಹಕ್ಕಿ ಎರಡೂ ನಿಮ್ಮತ್ತ ಮುಖ ಮಾಡಿರುತ್ತವೆ. ಸೂರ್ಯನೂ ಬೆನ್ನಿಗಿದ್ದರೆ ಆ ಜಾಗ ಬಿಟ್ಟು ಅಲುಗಬೇಡಿ. ಗಾಳಿ ಎದುರಿಗೆ ಬೀಸುತ್ತಿದ್ದರೆ ಎಷ್ಟು ತೆಗೆದರೂ ಬಾಲವೇ ಸಿಗುವುದು.

ಕೂತ ಹಕ್ಕಿ ಏಳುವ ಮುಂಚೆ ಸುಳಿವು ಕೊಡುತ್ತದೆ. ಹಲವು ಹಕ್ಕಿಗಳು ಹಿಕ್ಕೆ ಹಾಕಿ ಹಗುರಾಗುತ್ತವೆ. ಗಾಳಿಯತ್ತ ತಿರುಗುತ್ತವೆ. ಮೈ ಕುಗ್ಗಿಸಿ ಕಾಲು ಮಡಿಸುತ್ತವೆ. ಆ ಕುಗ್ಗುವಿಕೆ ಕಂಡ ಕೂಡಲೇ ಬಟನ್ ಒತ್ತಬೇಕು, ರೆಕ್ಕೆ ಬಿಚ್ಚಿದ ಮೇಲೆ ಒತ್ತಿದರೆ ತಡವಾಯಿತು. ಏಳುವ ದಿಕ್ಕಿನಲ್ಲಿ ಫ್ರೇಮಿನೊಳಗೆ ಜಾಗ ಬಿಟ್ಟಿರಿ. ಜೂಮ್ ಸ್ವಲ್ಪ ಹಿಂದೆ ಎಳೆದಿಟ್ಟರೆ ರೆಕ್ಕೆ ತುಂಡಾಗುವುದಿಲ್ಲ.

ಹಾರುತ್ತಿರುವ ಹಕ್ಕಿ ಲೆನ್ಸಿನೊಳಗೆ ಸಿಗುವುದೇ ಇಲ್ಲ ಅನ್ನುವುದು ಹೊಸಬರ ದೊಡ್ಡ ಕಷ್ಟ. ಜೂಮ್ ಇದ್ದರೆ 200 ಮಿ.ಮೀ.ಗೆ ಇಳಿಸಿ ಹುಡುಕಿ, ಸಿಕ್ಕ ಮೇಲೆ ಎಳೆಯಿರಿ. ಹಕ್ಕಿಯಷ್ಟೇ ದೂರದ ಮರಕ್ಕೆ ಮೊದಲೇ ಫೋಕಸ್ ಮಾಡಿಟ್ಟರೆ ಅದು ಮಸುಕಾಗಿಯಾದರೂ ಕಾಣುತ್ತದೆ. ಹಕ್ಕಿಯಿಂದ ಕಣ್ಣು ತೆಗೆಯದೆ ಕ್ಯಾಮೆರಾವನ್ನು ಕಣ್ಣಿಗೆ ತನ್ನಿ. ಪಾದಗಳನ್ನು ಹಕ್ಕಿ ಎಲ್ಲಿಗೆ ಹೋಗುತ್ತದೋ ಅತ್ತ ಊರಿ, ಸೊಂಟದಿಂದ ಮೇಲೆ ಹಿಂದಕ್ಕೆ ತಿರುಗಿ ಶುರು ಮಾಡಿ. ಆಗ ಮೈ ಬಿಗಿಯಾಗದೆ ಬಿಚ್ಚಿಕೊಳ್ಳುತ್ತಾ ತಿರುಗುತ್ತದೆ. ಅಭ್ಯಾಸಕ್ಕೆ ಪಾರಿವಾಳ, ಹದ್ದು, ಬೆಳ್ಳಕ್ಕಿ ಸಾಕು. ಅವು ಸಿಕ್ಕಿದ ಮೇಲೆ ಸಣ್ಣ ಹಕ್ಕಿಯ ಆಸೆ ಇಟ್ಟುಕೊಳ್ಳಿ.

ಕೆಲವು ಕ್ಯಾಮೆರಾಗಳಲ್ಲಿ ಎಲೆಕ್ಟ್ರಾನಿಕ್ ಶಟರ್ ಬಳಸಿದರೆ ವೇಗವಾಗಿ ಬಡಿಯುವ ರೆಕ್ಕೆ ವಕ್ರವಾಗಿ ಬರುತ್ತದೆ. ಹಾಗೆ ಕಂಡರೆ ಮೆಕ್ಯಾನಿಕಲ್ ಶಟರಿಗೆ ಬದಲಿಸಿ.

ಹೆಜ್ಜೆ 9: ಬಗ್ಗಿ, ಒಂದು ಹೆಜ್ಜೆ ಪಕ್ಕಕ್ಕೆ ಸರಿಯಿರಿ

ನೆಲದಲ್ಲಿ ಓಡಾಡುವ ಟಿಟ್ಟಿಭವನ್ನು ನಿಂತು ತೆಗೆದರೆ ಹಿನ್ನೆಲೆಗೆ ಅದರ ಕಾಲಬುಡದ ಕಲ್ಲುಮಣ್ಣೇ ಬರುತ್ತದೆ. ಹೊಟ್ಟೆಯ ಮೇಲೆ ಮಲಗಿ ತೆಗೆದರೆ ನೂರು ಮೀಟರ್ ಆಚೆಯ ಹಸಿರು ಬರುತ್ತದೆ, ಬೆಣ್ಣೆಯ ಹಾಗೆ ಕರಗಿ. ಹಕ್ಕಿಯ ಕಣ್ಣಿನ ಮಟ್ಟಕ್ಕೆ ನಿಮ್ಮ ಲೆನ್ಸ್ ಬರಬೇಕು. ಮರದ ಹಕ್ಕಿಗಾದರೆ ದಿಬ್ಬ ಹುಡುಕಿ, ಇಲ್ಲವೇ ಸ್ವಲ್ಪ ಹಿಂದೆ ಸರಿದು ಕೋನ ಕಡಿಮೆ ಮಾಡಿ. ತಲೆಯ ಹಿಂದೆ ಬಿಳಿ ಚುಕ್ಕೆಯೋ ಅಡ್ಡ ಕೊಂಬೆಯೋ ಇದ್ದರೆ ಒಂದೇ ಹೆಜ್ಜೆ ಪಕ್ಕಕ್ಕೆ ಸರಿದು ನೋಡಿ. ಹಕ್ಕಿ ಅಲ್ಲೇ ಇರುತ್ತದೆ, ಹಿನ್ನೆಲೆ ಪೂರ್ತಿ ಬದಲಾಗಿರುತ್ತದೆ.

ಹೆಜ್ಜೆ 10: ಕಂಪ್ಯೂಟರ್ ಮುಂದೆ

ರಾ ಫೈಲಿನಲ್ಲೇ (ಕ್ಯಾಮೆರಾ ತಿದ್ದದೆ ಕೊಡುವ ಮೂಲ ಫೈಲ್) ತೆಗೆಯಿರಿ. ಆರಿಸುವಾಗ ಮೊದಲು ಕಣ್ಣು ನೋಡಿ. ಕಣ್ಣು ಶಾರ್ಪ್ ಇಲ್ಲದಿದ್ದರೆ ಮುಂದಿನದಕ್ಕೆ ಹೋಗಿ. ಮೊದಲು ನಾಯ್ಸ್, ಅಂದರೆ ಕಾಳು, ತೆಗೆದು, ಆಮೇಲೆ ಶಾರ್ಪ್ ಮಾಡಿ. ಶಾರ್ಪ್ ಮಾಡುವುದನ್ನು ಹಕ್ಕಿಯ ಮೇಲಷ್ಟೇ ಮಾಡಿ, ಮೆತ್ತಗಿರುವ ಹಿನ್ನೆಲೆಯ ಮೇಲೆ ಮಾಡಿದರೆ ಕಾಳು ಎದ್ದು ಬರುತ್ತದೆ. ಕತ್ತರಿಸಿದ ಮೇಲೆ ಅಗಲಕ್ಕೆ 2000 ಪಿಕ್ಸೆಲ್ ಉಳಿದಿದ್ದರೆ ಪರದೆಯಲ್ಲಿ ನೋಡಲು ಸಾಕು. 12 ಇಂಚು ಅಗಲದ ಒಳ್ಳೆಯ ಪ್ರಿಂಟ್ ಬೇಕೆಂದರೆ, ಇಂಚಿಗೆ 300ರ ಲೆಕ್ಕದಲ್ಲಿ 3600 ಬೇಕು. ಗೂಬೆ, ಗೂಡು, ಅಪರೂಪದ ಹಕ್ಕಿಯ ಫೋಟೋ ಹಂಚುವಾಗ ಫೈಲಿನೊಳಗಿನ ಜಿಪಿಎಸ್ ಮಾಹಿತಿ ಅಳಿಸಿಬಿಡಿ. ಜಾಗ ತಿಳಿದರೆ ಮರುದಿನವೇ ಅಲ್ಲಿ ಜನ ಸೇರುತ್ತಾರೆ.

ಹೆಜ್ಜೆ 11: ಇಷ್ಟಾದ ಮೇಲೂ ಲೆನ್ಸಿನ ಮೇಲೆ ಅನುಮಾನ ಇದ್ದರೆ

ತಂಪು ಹೊತ್ತಿನಲ್ಲಿ, ಸಣ್ಣ ಅಕ್ಷರಗಳಿರುವ ಪತ್ರಿಕೆಯ ಹಾಳೆಯನ್ನು ನೆರಳಿರುವ ಗೋಡೆಗೆ ಚಪ್ಪಟೆಯಾಗಿ ಅಂಟಿಸಿ. 10 ಮೀಟರ್ ದೂರದಲ್ಲಿ ಟ್ರೈಪಾಡ್ ಇಟ್ಟು ಕ್ಯಾಮೆರಾವನ್ನು ಗೋಡೆಗೆ ನೇರ ಮಾಡಿ. ಸ್ಟೆಬಿಲೈಸರ್ ಆಫ್, ಟೈಮರ್ ಆನ್, ಶಟರ್ 1/1000. ಮೊದಲು ಪರದೆಯಲ್ಲಿ ಹಿಗ್ಗಿಸಿ ಕೈಯಲ್ಲೇ ಫೋಕಸ್ ಮಾಡಿ ಐದು ಫೋಟೋ ತೆಗೆಯಿರಿ. ಆಮೇಲೆ ಆಟೊ ಫೋಕಸಿನಲ್ಲಿ ಹತ್ತು ತೆಗೆಯಿರಿ, ಪ್ರತಿ ಸಲವೂ ಮೊದಲು ಫೋಕಸ್ ಕೆಡಿಸಿ.

ಕೈಯಲ್ಲಿ ಮಾಡಿದ್ದು ಚೆನ್ನಾಗಿದ್ದು ಆಟೊದ್ದು ಸತತವಾಗಿ ಮಸುಕಾಗಿದ್ದರೆ ಫೋಕಸ್ ಹೊಂದಾಣಿಕೆ ತಪ್ಪಿದೆ. ಕನ್ನಡಿ ಇರುವ ಡಿಎಸ್ಎಲ್ಆರ್‌ಗಳಲ್ಲಿ ಇದು ಹೆಚ್ಚು, ಹಲವು ಮಾಡೆಲ್‌ಗಳ ಮೆನುವಿನಲ್ಲೇ ತಿದ್ದಿಕೊಳ್ಳಬಹುದು. ಎರಡೂ ಮಸುಕಾಗಿದ್ದು, ಎಫ್/8 ಮಾಡಿದಾಗ ಅಕ್ಷರ ಸ್ಪಷ್ಟವಾದರೆ ನಿಮ್ಮ ಲೆನ್ಸಿಗೆ ಎಫ್/8 ಬೇಕು ಅಂತ ಬರೆದಿಟ್ಟುಕೊಳ್ಳಿ. ಹಾಳೆಯ ಎಡಭಾಗ ಚೆನ್ನಾಗಿದ್ದು ಬಲಭಾಗ ಕರಗಿದ್ದರೆ, ಕ್ಯಾಮೆರಾ ನೇರ ಇದೆಯೇ ಅಂತ ಇನ್ನೊಮ್ಮೆ ನೋಡಿ. ನೇರವೇ ಇದ್ದರೆ ಒಳಗೆ ಗಾಜು ಜಾಗ ತಪ್ಪಿರಬಹುದು. ಸರ್ವೀಸ್ ಸೆಂಟರಿಗೆ ಲೆನ್ಸ್ ಜೊತೆಗೆ ಆ ಫೋಟೋಗಳನ್ನೂ ಒಯ್ಯಿರಿ.